ನೀರು ಕುಡ್ಕೊಂಡು ಬನ್ನಿ ಅಂದ್ರು: ನನ್ನ ಪೆಲ್ವಿಸ್ ಸ್ಕ್ಯಾನ್ ಅನುಭವ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಎರಡು ವಾರ ಇತ್ತು, ಅಂಗಡಿ ತುಂಬ ಬ್ಲೌಸ್ ಪೀಸ್ ರಾಶಿ ಬಿದ್ದಿತ್ತು, ಮಿಷನ್ ಮುಂದೆ ಕೂತವಳು ಒಂದೂವರೆ ಗಂಟೆ ಆದ್ಮೇಲೆ ಎದ್ದು ನೋಡ್ತೀನಿ, ಸ್ಟೂಲ್ ಮೇಲೆ ಮಡಚಿ ಹಾಕಿದ್ದ ಹಳೇ ಬೆಡ್‌ಶೀಟ್ ಪೂರ್ತಿ ಒದ್ದೆ. ಎರಡು ಪ್ಯಾಡ್ ಒಂದರ ಮೇಲೊಂದು ಹಾಕ್ಕೊಂಡಿದ್ದೆ, ಆದ್ರೂ. ಕೈಕೆಲಸಕ್ಕೆ ಬರೋ ಹುಡುಗಿ ಏನೂ ಮಾತಾಡದೆ ಅವಳ ದುಪಟ್ಟಾ ತೆಗೆದು ಕೊಟ್ಲು, ಅದನ್ನ ಸೊಂಟಕ್ಕೆ ಸುತ್ಕೊಂಡು ಮನೆಗೆ ಬಂದೆ. ಎರಡು ಮೆಟ್ಲು ಹತ್ತೋಷ್ಟ್ರಲ್ಲಿ ಎದೆ ಡಬಡಬ ಹೊಡ್ಕೊಳ್ತಿತ್ತು.

ನಂದು ಹನುಮಂತನಗರದಲ್ಲಿ ಚಿಕ್ಕ ಟೈಲರಿಂಗ್ ಅಂಗಡಿ, ಹದಿನಾಲ್ಕು ವರ್ಷ ಆಯ್ತು. ನನಗೀಗ 41. ಒಂದು ವರ್ಷದಿಂದ ಮುಟ್ಟಿನ ಮೊದಲ ಮೂರು ದಿನ ಹೀಗೇ ಆಗ್ತಿತ್ತು, ಅಮ್ಮನ್ನ ಕೇಳಿದ್ರೆ ನಿಲ್ಲೋ ವಯಸ್ಸಲ್ಲಿ ಹಂಗೇ ಕಣೆ ಅಂತಾರೆ, ಪಕ್ಕದ ಮನೆ ಆಂಟಿ ಗರ್ಭಕೋಶ ತೆಗೆಸ್ಬಿಡು, ಎರಡು ಮಕ್ಳಾಯ್ತಲ್ಲ, ಇನ್ನೇನು ಕೆಲ್ಸ ಅದಕ್ಕೆ ಅಂತಾರೆ. ನಾನೂ ಹಬ್ಬ ಕಳೀಲಿ, ಗೌರಿ ಗಣೇಶ ಕಳೀಲಿ ಅಂತ ಮುಂದಕ್ಕೆ ಹಾಕ್ತಾ ಬಂದೆ. ಈಗ ಇದನ್ನ ಇಷ್ಟು ವಿವರವಾಗಿ ಬರೀತಿರೋದು ಯಾಕಂದ್ರೆ, ಆ ಸ್ಕ್ಯಾನ್ ಅಂದ್ರೆ ಏನು, ಯಾಕೆ ನೀರು ಕುಡೀಬೇಕು, ಒಳಗೆ ಏನು ಮಾಡ್ತಾರೆ ಅಂತ ನನಗೆ ಮೊದ್ಲೇ ಯಾರಾದ್ರೂ ಕನ್ನಡದಲ್ಲಿ ಕೂತು ಹೇಳಿದ್ದಿದ್ರೆ ಎರಡು ಸಲ ಅಲೆಯೋದು ತಪ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆ ಭಯ ತಪ್ತಿತ್ತು.

ಹಬ್ಬ ಎಲ್ಲ ಮುಗಿದ ಮೇಲೆ ಲೇಡಿ ಡಾಕ್ಟರ್ ಹತ್ರ ಹೋದೆ. ಅವರು ಕೇಳಿದ ಪ್ರಶ್ನೆಗಳು ನೆನಪಿದೆ: ದಿನಕ್ಕೆ ಎಷ್ಟು ಪ್ಯಾಡು, ಗಂಟೆಗೊಂದು ಬದಲಾಯಿಸೋ ಹಾಗೆ ಆಗುತ್ತಾ, ಗಡ್ಡೆ ಗಡ್ಡೆಯಾಗಿ ಹೋಗುತ್ತಾ, ಹೋದ್ರೆ ಎಷ್ಟು ದೊಡ್ಡದು, ಕೊನೇ ಸಲ ಮುಟ್ಟಾಗಿದ್ದು ಯಾವ ತಾರೀಖು. ತಾರೀಖು ನನಗೆ ನೆನಪಿರ್ಲಿಲ್ಲ, ಆರ್ಡರ್ ಪುಸ್ತಕದಲ್ಲಿ ಯಾವ ದಿನ ಅಂಗಡಿ ಬೇಗ ಮುಚ್ಚಿದ್ದೆ ಅಂತ ನೋಡಿ ಹೇಳಿದೆ. ದಯವಿಟ್ಟು ನೀವು ಬರೆದಿಟ್ಕೊಳ್ಳಿ, ಈ ತಾರೀಖನ್ನ ಡಾಕ್ಟರು ಕೇಳ್ತಾರೆ, ಸ್ಕ್ಯಾನ್ ಮಾಡೋರೂ ಕೇಳ್ತಾರೆ, ರಿಪೋರ್ಟಲ್ಲೂ ಬರೀತಾರೆ. ರಕ್ತ ಪರೀಕ್ಷೆ ಬರೆದ್ರು, ಹಿಮೋಗ್ಲೋಬಿನ್ 8.4 ಬಂತು, ಹೆಂಗಸರಿಗೆ 12 ಆದ್ರೂ ಇರ್ಬೇಕಂತೆ. ಮೆಟ್ಲು ಹತ್ತಿದ್ರೆ ಏದುಸಿರು ಬರ್ತಿದ್ದಿದ್ದು ವಯಸ್ಸಿಂದ ಅಲ್ಲ ಅಂತ ಅವತ್ತು ಗೊತ್ತಾಯ್ತು.

ಚೀಟಿಲಿ ಇನ್ನೊಂದು ಬರೆದಿದ್ರು, ಯುಎಸ್‌ಜಿ ಪೆಲ್ವಿಸ್, ಟಿಎಎಸ್ ಪ್ಲಸ್ ಟಿವಿಎಸ್ ಅಂತ. ಯುಎಸ್‌ಜಿ ಪೆಲ್ವಿಸ್ ಅಂದ್ರೆ ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್. ಮುಟ್ಟು ನಿಂತ ಎರಡ್ಮೂರು ದಿನದಲ್ಲಿ ಮಾಡಿಸ್ಕೊಳ್ಳಿ, ಆವಾಗ ಗರ್ಭಕೋಶದ ಒಳಪದರ ತೆಳ್ಳಗಿರುತ್ತೆ, ಒಳಗೆ ಏನಾದ್ರೂ ಇದ್ರೆ ಚೆನ್ನಾಗಿ ಕಾಣುತ್ತೆ ಅಂದ್ರು. ಟಿಎಎಸ್ ಅಂದ್ರೇನು ಟಿವಿಎಸ್ ಅಂದ್ರೇನು ನಾನು ಕೇಳ್ಲಿಲ್ಲ. ಹೊರಗೆ ಐದಾರು ಜನ ಕಾಯ್ತಿದ್ರು, ಕೇಳೋಕೆ ಬಾಯಿ ಬರ್ಲಿಲ್ಲ.

ಮೊದಲನೇ ಸಲ ಹೋಗಿದ್ದು ನಮ್ಮ ಕಡೆನೇ ಒಂದು ಸ್ಕ್ಯಾನಿಂಗ್ ಸೆಂಟರ್. ಫೋನ್ ಮಾಡಿದ್ದಕ್ಕೆ ಖಾಲಿ ಹೊಟ್ಟೆಲಿ ಬನ್ನಿ ಮೇಡಂ, ಬೆಳಿಗ್ಗೆ ಹತ್ತಕ್ಕೆ ಅಂದ್ರು ಅಷ್ಟೇ. ಖಾಲಿ ಹೊಟ್ಟೆ ಅಂದ್ರೆ ನೀರೂ ಕುಡೀಬಾರ್ದೇನೋ ಅಂದ್ಕೊಂಡು ರಾತ್ರಿ ಊಟ ಆದ್ಮೇಲೆ ಒಂದು ಹನಿ ನೀರೂ ಮುಟ್ಲಿಲ್ಲ, ಹೊರಡೋ ಮುಂಚೆ ಬಾತ್ರೂಮಿಗೂ ಹೋಗಿ ಬಂದೆ. ಅಲ್ಲಿ ಹೋದ್ರೆ ಕೌಂಟರಲ್ಲಿದ್ದ ಹುಡುಗಿ, ಯೂರಿನ್ ಫುಲ್ ಇದ್ಯಾ ಅಂತಾಳೆ. ಇಲ್ಲಮ್ಮ ಅಂದೆ. ಅಯ್ಯೋ ನೀರು ಕುಡಿದು ಬರ್ಬೇಕು ಮೇಡಂ, ಅಲ್ಲಿ ಕ್ಯಾನ್ ಇದೆ ಕುಡೀತಾ ಇರಿ, ಪ್ರೆಶರ್ ಬಂದ್ಮೇಲೆ ಹೇಳಿ. ಖಾಲಿ ಹೊಟ್ಟೆಗೆ ಒಂದೇ ಸಮ ಏಳು ಲೋಟ ನೀರು ಕುಡಿದೆ, ಮೈಯಲ್ಲಿ ರಕ್ತ ಬೇರೆ ಕಮ್ಮಿ, ತಲೆ ಸುತ್ತಿ ಬಂದು ಆ ನೀರೆಲ್ಲ ವಾಂತಿ ಆಯ್ತು. ಹನ್ನೆರಡೂವರೆಗೆ ಒಳಗೆ ಕರೆದು ನೋಡಿದ್ರು, ಬ್ಲಾಡರ್ ತುಂಬಿಲ್ಲ, ಏನೂ ಸರಿ ಕಾಣ್ತಿಲ್ಲ, ನಾಳೆ ಬನ್ನಿ ಅಂದ್ರು. ಹೊರಗೆ ಬಂದು ಫುಟ್‌ಪಾತ್ ಮೇಲೆ ನಿಂತು ಅತ್ತುಬಿಟ್ಟೆ. ಒಂದು ಫೋನಲ್ಲಿ ಸರಿಯಾಗಿ ಎರಡು ಮಾತು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು ಹೇಳಿ. ಬರೋರೆಲ್ಲ ನೋವಿರೋರು, ರಕ್ತ ಹೋಗ್ತಿರೋರು, ಕೆಲ್ಸಕ್ಕೆ ರಜ ಹಾಕಿ ಬಂದೋರು.

ಆಮೇಲೆ ತಿಳ್ಕೊಂಡಿದ್ದು ಏನಂದ್ರೆ, ಖಾಲಿ ಹೊಟ್ಟೆ ಬೇಕಾಗೋದು ಮೇಲ್‌ಹೊಟ್ಟೆ ಸ್ಕ್ಯಾನಿಗೆ. ಊಟ ಮಾಡಿದ್ರೆ ಪಿತ್ತಕೋಶ ಕುಗ್ಗುತ್ತೆ, ಕರುಳಲ್ಲಿ ಗ್ಯಾಸ್ ಸೇರುತ್ತೆ, ಅದಕ್ಕೆ. ಅಬ್ಡಮನ್ ಅಂಡ್ ಪೆಲ್ವಿಸ್ ಅಂತ ಎರಡೂ ಸೇರಿಸಿ ಬರೆದಿದ್ರೆ ಉಪವಾಸ ಬೇಕು, ಆವಾಗ್ಲೂ ಸಾಮಾನ್ಯವಾಗಿ ಬರೀ ನೀರು ಕುಡೀಬಹುದು. ಬರೀ ಪೆಲ್ವಿಸ್ ಅಂತ ಇದ್ರೆ ತಿಂಡಿ ತಿನ್ಕೊಂಡೇ ಹೋಗಬಹುದು. ನಿಮ್ಮ ಚೀಟಿಲಿ ಏನು ಬರೆದಿದೆ ಅಂತ ಫೋನಲ್ಲಿ ಓದಿ ಹೇಳಿ, ಆಮೇಲೆ ಕೇಳಿ, ಊಟ ಮಾಡ್ಬಹುದಾ, ನೀರು ಎಷ್ಟು, ಎಷ್ಟು ಹೊತ್ತಿಗೆ ಮುಂಚೆ.

ಅವತ್ತು ಸಾಯಂಕಾಲ ಮಗಳು ಕಾಲೇಜಿಂದ ಬಂದ್ಲು. ಸೆಕೆಂಡ್ ಪಿಯುಸಿ, ಸೈನ್ಸು. ನಾನು ಮಲ್ಕೊಂಡಿದ್ದು ನೋಡಿ ಏನಮ್ಮ ಅಂತ ಪಕ್ಕದಲ್ಲಿ ಕೂತ್ಲು, ಹೇಳಿದೆ. ನೀರು ಯಾಕೆ ಅಂತ ನಿನಗೆ ಯಾರೂ ಹೇಳ್ಲಿಲ್ವಾ ಅಂತ ಕೇಳಿ ಅವಳೇ ಶುರು ಮಾಡಿದ್ಲು. ಅದು ಎಕ್ಸ್‌ರೇ ಅಲ್ಲ, ರೇಡಿಯೇಷನ್ ಇರಲ್ಲ, ಬರೀ ಶಬ್ದ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಸಲ ಅದುರೋ ಶಬ್ದದವರೆಗೆ ಮಾತ್ರ ಕೇಳ್ಸೋದು, ಸ್ಕ್ಯಾನಲ್ಲಿ ಸೆಕೆಂಡಿಗೆ 35 ಲಕ್ಷ, 50 ಲಕ್ಷ ಸಲ ಅದುರೋ ಶಬ್ದ ಬಿಡ್ತಾರೆ, ಅದು ಒಳಗಿನ ಅಂಗಗಳಿಗೆ ತಾಗಿ ವಾಪಸ್ ಬರುತ್ತೆ, ಆ ಪ್ರತಿಧ್ವನಿಯಿಂದಲೇ ಕಂಪ್ಯೂಟರ್ ಚಿತ್ರ ಮಾಡುತ್ತೆ. ಈ ಶಬ್ದ ನೀರಲ್ಲಿ ಸಲೀಸಾಗಿ ಹೋಗುತ್ತೆ, ಗಾಳಿ ಸಿಕ್ಕಿದ್ರೆ ಅಲ್ಲೇ ವಾಪಸ್ ಬರುತ್ತೆ. ಗರ್ಭಕೋಶದ ಮುಂದೆ ಕರುಳು ಇರುತ್ತೆ, ಕರುಳಲ್ಲಿ ಗ್ಯಾಸು, ಅಂದ್ರೆ ಗಾಳಿ. ಮೂತ್ರಕೋಶ ತುಂಬಿ ಉಬ್ಬಿದ್ರೆ ಕರುಳನ್ನ ಪಕ್ಕಕ್ಕೆ ತಳ್ಳುತ್ತೆ, ಜೊತೆಗೆ ತಾನೇ ಒಂದು ನೀರಿನ ಕಿಟಕಿ ಥರ ಆಗುತ್ತೆ, ಅದರ ಮೂಲಕ ಹಿಂದಿರೋ ಗರ್ಭಕೋಶ, ಓವರಿ ಅಂದ್ರೆ ಅಂಡಾಶಯ, ಎಲ್ಲ ಕಾಣುತ್ತೆ. ಹೊಟ್ಟೆ ಮೇಲೆ ಜೆಲ್ ಹಚ್ಚೋದೂ ಅದಕ್ಕೇ, ಚರ್ಮಕ್ಕೂ ಆ ಯಂತ್ರಕ್ಕೂ ಮಧ್ಯ ಗಾಳಿ ಇರ್ಬಾರ್ದು ಅಂತ.

ಕಿಟಕಿ ಅಂದ್ಲಲ್ಲ, ಆ ಮಾತು ನನ್ನ ಮನಸ್ಸಲ್ಲಿ ಕೂತುಬಿಡ್ತು. ಅವತ್ತೇ ಫೋನಲ್ಲಿ ಹುಡುಕಿ ಇನ್ನೊಂದು ಓದಿ ಹೇಳಿದ್ಲು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಅಂತ ಒಬ್ರು ಹೆರಿಗೆ ಡಾಕ್ಟರು, ಫ್ಯಾಕ್ಟರಿಲಿ ಕಬ್ಬಿಣದೊಳಗಿನ ಬಿರುಕು ಹುಡುಕೋ ಯಂತ್ರದಿಂದ ಹೆಂಗಸರ ಹೊಟ್ಟೆಯೊಳಗಿನ ಗಡ್ಡೆ ನೋಡೋಕಾಗುತ್ತಾ ಅಂತ ಪ್ರಯತ್ನ ಮಾಡಿ, ತಮ್ಮ ಜೊತೆಯವರ ಜೊತೆ 1958ರಲ್ಲಿ ಅದನ್ನ ಪ್ರಕಟ ಮಾಡಿದ್ರಂತೆ. ಆಪರೇಷನ್ ಮಾಡೋಕಾಗದ ಕ್ಯಾನ್ಸರ್ ಅಂತ ಎಲ್ಲರೂ ಕೈಬಿಟ್ಟಿದ್ದ ಒಬ್ಬ ಹೆಂಗಸಿಗೆ ಇದರಲ್ಲಿ ನೋಡಿದ್ರೆ ಅದು ಓವರಿಯ ನೀರಿನ ಚೀಲ, ತೆಗೆದುಹಾಕಿದ್ರು, ಆಕೆ ಉಳ್ಕೊಂಡ್ರು. ಅದನ್ನ ಕೇಳಿದ್ಮೇಲೆ ನನಗೆ ಮತ್ತೆ ಹೋಗೋಕೆ ಧೈರ್ಯ ಬಂತು, ಸುಳ್ಳು ಹೇಳಲ್ಲ.

ಎರಡನೇ ಸಲಕ್ಕೆ ಜಯನಗರದ ಕಡೆ ಬೇರೆ ಸೆಂಟರಲ್ಲಿ ಮಧ್ಯಾಹ್ನ ಮೂರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ. ಅಲ್ಲಿ ಫೋನಲ್ಲಿ ಮಾತಾಡಿದವರು ಎಲ್ಲ ಬಿಡಿಸಿ ಹೇಳಿದ್ರು. ಅಪಾಯಿಂಟ್‌ಮೆಂಟಿಗೆ ಒಂದು ಗಂಟೆಗೆ ಮುಂಚೆ ಒಂದ್ಸಲ ಬಾತ್ರೂಮಿಗೆ ಹೋಗಿ ಬನ್ನಿ, ಆಮೇಲೆ ನಾಲ್ಕು ಲೋಟ, ಅಂದ್ರೆ ಸುಮಾರು ಒಂದು ಲೀಟರ್ ನೀರು ನಿಧಾನಕ್ಕೆ ಕುಡಿದು ಮುಗಿಸಿ, ಸ್ಕ್ಯಾನ್ ಆಗೋವರೆಗೆ ಹೋಗ್ಬೇಡಿ. ಸೋಡಾ, ಕೋಲಾ ಬೇಡ, ಗ್ಯಾಸ್ ಆಗುತ್ತೆ. ಕಿಡ್ನಿ ತೊಂದರೆ, ಹಾರ್ಟ್ ತೊಂದರೆ ಇದ್ದು ನೀರು ಕಮ್ಮಿ ಕುಡೀರಿ ಅಂತ ಡಾಕ್ಟರ್ ಹೇಳಿದ್ರೆ ಮೊದ್ಲೇ ತಿಳಿಸಿ. ಹಳೇ ಸ್ಕ್ಯಾನ್ ರಿಪೋರ್ಟ್ ಇದ್ರೆ ತನ್ನಿ. ಸಡಿಲವಾದ ಚೂಡಿದಾರ ಅಥವಾ ಸೀರೆ ಹಾಕ್ಕೊಂಡು ಬನ್ನಿ. ಬಟ್ಟೆ ವಿಷಯಕ್ಕೆ ನಾನು ಒಂದು ಸೇರಿಸ್ತೀನಿ, ಟಾಪು ಪ್ಯಾಂಟು ಬೇರೆಬೇರೆ ಇರೋದು ಒಳ್ಳೇದು, ಪ್ಯಾಂಟಿಗೆ ಲಾಡಿಗಿಂತ ಇಲಾಸ್ಟಿಕ್ ವಾಸಿ, ಮೂತ್ರ ತುಂಬಿದ್ದಾಗ ಲಾಡಿ ಗಂಟು ಬಿಚ್ಚೋದು ಎಷ್ಟು ಹಿಂಸೆ ಅಂತ ಅನುಭವಿಸಿದವರಿಗೆ ಗೊತ್ತು. ಮುಟ್ಟಿನ ಕಪ್, ಟ್ಯಾಂಪೂನ್ ಉಪಯೋಗಿಸೋರು ಒಳಗಿನ ಸ್ಕ್ಯಾನಿಗೆ, ಅಂದ್ರೆ ಯೋನಿ ಮೂಲಕ ಮಾಡೋ ಸ್ಕ್ಯಾನಿಗೆ, ಮುಂಚೆ ತೆಗೆದಿರ್ಬೇಕು.

ಅಣ್ಣನ ಹೆಂಡ್ತಿ, ನಮ್ಮ ಅತ್ತಿಗೆ, ಒಬ್ಳೇ ಹೋಗ್ಬೇಡ ಕಣೆ ಅಂತ ಜೊತೆಗೆ ಬಂದ್ರು. ಎರಡು ಗಂಟೆಗೆ ಸರಿಯಾಗಿ ಒಂದು ಲೀಟರ್ ಬಾಟ್ಲಿ ಖಾಲಿ ಮಾಡಿದೆ, ಹೋದ್ಸಲ ವಾಪಸ್ ಕಳ್ಸಿದ್ರಲ್ಲ ಅನ್ನೋ ಹೆದರಿಕೆಗೆ ಇನ್ನೂ ಎರಡು ಲೋಟ ಜಾಸ್ತಿನೇ ಕುಡಿದೆ. ಅದು ತಪ್ಪು. ಆಟೋ ರಾಮಕೃಷ್ಣಾಶ್ರಮ ದಾಟಿ ಸೌತ್ ಎಂಡ್ ಸರ್ಕಲ್ ಕಡೆ ಬರೋಷ್ಟ್ರಲ್ಲಿ ಮಳೆ ಹಿಡೀತು, ನಮ್ಮೂರಲ್ಲಿ ಮಳೆ ಬಂದ್ರೆ ಟ್ರಾಫಿಕ್ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ, ರೋಡಿನ ಒಂದೊಂದು ಹಂಪ್‌ಗೂ ಕಿಬ್ಬೊಟ್ಟೆಲಿ ಚಳಕ್ ಅನ್ನೋದು, ಅತ್ತಿಗೆ ಡ್ರೈವರಣ್ಣನಿಗೆ ಸ್ವಲ್ಪ ಮೆಲ್ಲಗೆ ಹೋಗಪ್ಪ ಅಂತ ಹೇಳ್ತಾನೇ ಇದ್ರು. ಮೂರಕ್ಕೆ ಐದು ನಿಮಿಷ ಇದ್ದಾಗ ತಲುಪಿದ್ವಿ. ಅಲ್ಲಿ ನೋಡಿದ್ರೆ ಡಾಕ್ಟರ್ ಮೇಡಂ ಅದೇ ಮಳೇಲಿ ಇನ್ನೆಲ್ಲೋ ಸಿಕ್ಕಾಕ್ಕೊಂಡಿದಾರೆ, ಮುಕ್ಕಾಲು ಗಂಟೆ ಆಗುತ್ತೆ ಅಂದ್ರು.

ಆ ಮುಕ್ಕಾಲು ಗಂಟೆ. ಗೋಡೆ ಮೇಲೆ ಭ್ರೂಣಲಿಂಗ ಪತ್ತೆ ಮಾಡೋದಿಲ್ಲ, ಅದು ಶಿಕ್ಷಾರ್ಹ ಅಪರಾಧ ಅನ್ನೋ ಬೋರ್ಡು, 1994ರ ಕಾನೂನು ಬಂದ್ಮೇಲೆ ಎಲ್ಲ ಸ್ಕ್ಯಾನ್ ಸೆಂಟರಲ್ಲೂ ಇದು ಇರ್ಲೇಬೇಕು. ಆ ಬೋರ್ಡನ್ನ ನಾನು ಎಷ್ಟು ಸಲ ಓದಿದೆನೋ, ಕೂರೋಕೂ ಆಗ್ದೆ ನಿಲ್ಲೋಕೂ ಆಗ್ದೆ. ಕೊನೆಗೆ ಅಲ್ಲಿದ್ದ ಸಿಸ್ಟರ್ ನನ್ನ ಮುಖ ನೋಡಿ ಹತ್ರ ಬಂದು, ಒಂದು ಪೇಪರ್ ಲೋಟ ಕೊಟ್ಟು, ಅಕ್ಕ ಈ ಲೋಟದಷ್ಟು ಮಾತ್ರ ಹೋಗಿ ನಿಲ್ಸಿ ಬನ್ನಿ, ಪೂರ್ತಿ ಹೋಗ್ಬೇಡಿ ಅಂದ್ರು. ತುಂಬಿ ತುಂಬಿ ಜಾಸ್ತಿ ಆದ್ರೂ ಗರ್ಭಕೋಶ ಹಿಂದಕ್ಕೆ ಒತ್ತಿಕೊಂಡು ದೂರ ಹೋಗುತ್ತಂತೆ, ಸರಿಯಾಗಿ ಕಾಣಲ್ವಂತೆ. ಹಾಗಾಗಿ ಪ್ರಾಣ ಹೋಗೋಷ್ಟು ಹಿಡ್ಕೋಬೇಕು ಅಂತೇನಿಲ್ಲ. ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಹೋಗಿ ಹೇಳಿ.

ನಮ್ಮ ಪಕ್ಕದ ಕುರ್ಚಿಲಿ ಒಂದು ಹುಡುಗಿ ಕೂತಿತ್ತು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ತುಮಕೂರು ಕಡೆಯವಳು, ಇಲ್ಲಿ ಪಿಜಿಲಿದ್ದು ಓದ್ತಿದೀನಿ ಅಂದ್ಲು. ಮೂರ್ಮೂರು ತಿಂಗಳು ಮುಟ್ಟೇ ಆಗಲ್ವಂತೆ, ಪಿಸಿಒಡಿ, ಅಂದ್ರೆ ಹಾರ್ಮೋನ್ ಏರುಪೇರಿನ ತೊಂದರೆ, ಇರ್ಬಹುದು ಅಂತ ಸ್ಕ್ಯಾನ್ ಬರೆದಿದಾರೆ, ಮನೇಲಿ ಹೇಳಿಲ್ಲ. ಕೌಂಟರಿಂದ ಒಬ್ರು ಹಾಲಿಗೆಲ್ಲ ಕೇಳೋ ಹಾಗೆ ಮದ್ವೆ ಆಗಿದ್ಯಾ ಅಂತ ಕೂಗಿ ಕೇಳಿದ್ರು. ಆ ಮಗುವಿನ ಮುಖ ಕೆಂಪಗಾಗಿ ತಲೆ ತಗ್ಗಿಸಿಬಿಡ್ತು. ಈ ಪ್ರಶ್ನೆ ಯಾಕೆ ಕೇಳ್ತಾರೆ ಅಂತ ನನಗೂ ಆಗ ಗೊತ್ತಿರ್ಲಿಲ್ಲ, ಸಿಸ್ಟರನ್ನ ಕೇಳಿದ್ಮೇಲೆ ಗೊತ್ತಾಯ್ತು. ಒಳಗಿನ ಸ್ಕ್ಯಾನನ್ನ ದೈಹಿಕ ಸಂಪರ್ಕ ಆಗಿರೋ ಹೆಂಗಸರಿಗೆ ಮಾತ್ರ ಮಾಡ್ತಾರೆ, ಆಗಿಲ್ಲದವರಿಗೆ ಸಾಮಾನ್ಯವಾಗಿ ಹೊಟ್ಟೆ ಮೇಲಿಂದ ಅಷ್ಟೇ, ಅದನ್ನ ತಿಳ್ಕೊಳ್ಳೋಕೆ ಮದ್ವೆ ಅನ್ನೋ ಮಾತಲ್ಲಿ ಕೇಳ್ತಾರೆ. ನನ್ನ ಪ್ರಕಾರ ಇದು ಸರಿಯಾದ ಪ್ರಶ್ನೆನೂ ಅಲ್ಲ, ಕೇಳೋ ಜಾಗನೂ ಅಲ್ಲ. ಒಳಗೆ ಕರೆದು, ಬಾಗಿಲು ಹಾಕಿ, ಇಂಥ ಸ್ಕ್ಯಾನಿಗೆ ಇದು ಗೊತ್ತಾಗ್ಬೇಕು ಅಂತ ಕಾರಣ ಹೇಳಿ ಕೇಳಿದ್ರೆ ಯಾವ ಹುಡುಗಿನೂ ನಿಜ ಹೇಳ್ತಾಳೆ. ನಿನಗೆ ಹೊಟ್ಟೆ ಮೇಲಿಂದ ಮಾತ್ರ ಅಂತೆ ಕಣಮ್ಮ, ನೋವಿರಲ್ಲ ಅಂತ ನಾನು ಹೇಳಿದ್ಮೇಲೆ ಅವಳು ಕೈಲಿ ಮುದುರಿ ಹಿಡಿದಿದ್ದ ಚೀಟಿನ ಬಿಡಿಸಿ ತೊಡೆ ಮೇಲೆ ನೇವರಿಸಿ ಸರಿ ಮಾಡಿದ್ಲು.

ನನ್ನ ಸರದಿ ಬಂತು. ಒಳಗೆ ಕತ್ತಲು, ಏಸಿ, ಒಂದು ಮಂಚ, ಪಕ್ಕದಲ್ಲಿ ಸ್ಕ್ರೀನು. ಪ್ಯಾಂಟನ್ನ ಸೊಂಟದಿಂದ ಸ್ವಲ್ಪ ಕೆಳಗೆ ಇಳಿಸಿ ಮಲ್ಕೊಳ್ಳಿ ಅಂದ್ರು, ಬಟ್ಟೆಗೆ ಜೆಲ್ ಆಗ್ಬಾರ್ದು ಅಂತ ಅಂಚಿಗೆ ಟಿಶ್ಯೂ ಸಿಕ್ಕಿಸಿದ್ರು. ಜೆಲ್ ತಣ್ಣಗೆ ಕೊರೀತು. ಆಮೇಲೆ ಆ ಯಂತ್ರ, ಪ್ರೋಬ್ ಅಂತಾರೆ, ಅದನ್ನ ಕಿಬ್ಬೊಟ್ಟೆ ಮೇಲೆ ಒತ್ತಿ ಒತ್ತಿ ಓಡಿಸ್ತಾರೆ. ನೋವಿಲ್ಲ, ಆದ್ರೆ ತುಂಬಿದ ಮೂತ್ರಕೋಶದ ಮೇಲೆ ಒತ್ತಿದಾಗ ಕಷ್ಟ ಆಗುತ್ತೆ. ಸ್ಕ್ರೀನ್ ನನಗೂ ಕಾಣ್ತಿತ್ತು. ಕಪ್ಪಗೆ ಒಂದು ದೊಡ್ಡ ಹೊಂಡ, ಅದೇ ನಿಮ್ಮ ಬ್ಲಾಡರ್ ಅಂದ್ರು ಡಾಕ್ಟರ್, ನೀರು ಕಪ್ಪಗೆ ಕಾಣುತ್ತಂತೆ. ಅದರ ಹಿಂದೆ ಬೂದು ಬಣ್ಣದಲ್ಲಿ ಸೋರೆಕಾಯಿ ಥರ ಗರ್ಭಕೋಶ.

ಆಮೇಲೆ ಅವರು ಮಾಡಿದ್ದು ನೋಡಿ ನನ್ನ ಭಯ ಅರ್ಧ ಹೋಯ್ತು. ಚಿತ್ರ ನಿಲ್ಸಿ, ಒಂದು ತುದಿಗೆ ಸಣ್ಣ ಪ್ಲಸ್ ಗುರುತು ಇಟ್ರು, ಇನ್ನೊಂದು ತುದಿಗೆ ಇನ್ನೊಂದು ಪ್ಲಸ್, ಮಧ್ಯ ಚುಕ್ಕಿ ಚುಕ್ಕಿ ಗೆರೆ, ಕೆಳಗೆ ಸೆಂಟಿಮೀಟರ್ ಬಂತು. ಉದ್ದ ತಗೊಂಡ್ರು, ಅಡ್ಡ ತಗೊಂಡ್ರು, ಆಮೇಲೆ ಪ್ರೋಬ್ ತಿರುಗಿಸಿ ಅಗಲ ತಗೊಂಡ್ರು. ಅಳತೆ. ನಾನು ದಿನಾ ಬೆಳಗಾದ್ರೆ ಮಾಡೋ ಕೆಲ್ಸ. ಭುಜದ ಮೂಳೆಯಿಂದ ಭುಜದ ಮೂಳೆಗೆ, ತೋಳಿನ ಉದ್ದ, ಸೊಂಟದ ಸುತ್ತಳತೆ, ಒಂದು ಸಲ ಅನುಮಾನ ಬಂದ್ರೆ ಟೇಪ್ ತೆಗೆದು ಇನ್ನೊಂದ್ಸಲ. ಅವರೂ ಒಂದು ಕಡೆ ಅನುಮಾನ ಬಂದು ಆ ಪ್ಲಸ್ಸನ್ನ ಒಂದು ಕೂದಲೆಳೆಯಷ್ಟು ಈಚೆಗೆ ಜರುಗಿಸಿದ್ರು, 4.4 ಇದ್ದಿದ್ದು 4.2 ಆಯ್ತು. ಇಷ್ಟು ಜೋಪಾನವಾಗಿ ನನ್ನ ಮೈನ ಅಳೀತಿದಾರಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು.

ಗರ್ಭಕೋಶ ಸ್ವಲ್ಪ ಹಿಂದಕ್ಕೆ ಬಾಗಿದೆ, ಐದು ಜನ ಹೆಂಗಸರಲ್ಲಿ ಒಬ್ರಿಗೆ ಹಾಗಿರುತ್ತೆ, ಅದು ಕಾಯಿಲೆ ಅಲ್ಲ, ಆದ್ರೆ ಮೇಲಿಂದ ಒಳಪದರ ಸ್ಪಷ್ಟ ಕಾಣ್ತಿಲ್ಲ, ಡಾಕ್ಟರ್ ಬರೆದಿರೋ ಹಾಗೆ ಒಳಗಿಂದಾನೂ ನೋಡ್ಬೇಕು, ನಿಮಗೆ ಒಪ್ಪಿಗೆನಾ ಅಂತ ಕೇಳಿದ್ರು. ಟಿಎಎಸ್ ಅಂದ್ರೆ ಹೊಟ್ಟೆ ಮೇಲಿಂದ ಮಾಡೋದು, ಟಿವಿಎಸ್ ಅಂದ್ರೆ ಈ ಒಳಗಿನದು ಅಂತ ನನಗೆ ಗೊತ್ತಾಗಿದ್ದು ಆಗಲೇ. ಒಪ್ಪಿಗೆನಾ ಅಂತ ಕೇಳಿದ್ರಲ್ಲ, ಅದನ್ನ ಎಲ್ಲರೂ ಕೇಳ್ಬೇಕು. ಬೇಡ ಅನ್ನೋಕೂ ನಮಗೆ ಹಕ್ಕಿದೆ, ಮಧ್ಯದಲ್ಲಿ ನಿಲ್ಸಿ ಅನ್ನೋಕೂ ಇದೆ. ಡಾಕ್ಟರ್ ಗಂಡಸಾಗಿದ್ರೆ ಸಿಸ್ಟರ್ ಒಬ್ರು ಒಳಗಿರ್ಲಿ ಅಂತ ಕೇಳಬಹುದು, ಜೊತೆಯವರನ್ನ ಕರೀಬಹುದು. ನಾನು ಅತ್ತಿಗೆನ ಒಳಗೆ ಕರೆಸ್ಕೊಂಡೆ.

ಈಗ ಬಾತ್ರೂಮಿಗೆ ಹೋಗಿ ಪೂರ್ತಿ ಖಾಲಿ ಮಾಡಿ ಬನ್ನಿ ಅಂದ್ರು. ಇಷ್ಟು ಹೊತ್ತು ತುಂಬಿಸೋಕೆ ಒದ್ದಾಡಿದ್ದು, ಈಗ ಖಾಲಿನಾ ಅಂತ ಅತ್ತಿಗೆ ಕೇಳೇಬಿಟ್ರು. ಒಳಗಿನ ಸ್ಕ್ಯಾನಲ್ಲಿ ಪ್ರೋಬ್ ಗರ್ಭಕೋಶದ ಹತ್ರಾನೇ ಇರುತ್ತೆ, ಮಧ್ಯ ಕರುಳು ಬರಲ್ಲ, ಅದಕ್ಕೆ ನೀರಿನ ಕಿಟಕಿ ಬೇಕಾಗಿಲ್ಲ, ತುಂಬಿದ್ರೆ ನಿಮಗೇ ತೊಂದರೆ ಅಂದ್ರು. ಹತ್ರದಿಂದ ನೋಡೋದ್ರಿಂದ ಇನ್ನೂ ಸಣ್ಣ ಅಲೆ ಉಪಯೋಗಿಸ್ತಾರೆ, ಚಿತ್ರ ಇನ್ನೂ ಚೆನ್ನಾಗಿ ಬರುತ್ತೆ.

ಮೇಲೆ ಹೊದಿಕೆ ಕೊಟ್ರು, ಕಾಲು ಮಡಚಿ ಮಲಗಿಸಿದ್ರು. ಪ್ರೋಬ್ ಹೆಚ್ಚೂ ಕಮ್ಮಿ ಎರಡು ಬೆರಳು ಸೇರಿಸಿದಷ್ಟು ದಪ್ಪ, ಅದಕ್ಕೆ ಹೊಸ ಕಾಂಡೋಮ್ ಹಾಕಿ ಜೆಲ್ ಹಚ್ಚಿದ್ದನ್ನ ನನ್ನ ಕಣ್ಣೆದುರೇ ಮಾಡಿದ್ರು. ರಬ್ಬರ್ ಅಲರ್ಜಿ ಇದ್ರೆ ಮೊದ್ಲೇ ಹೇಳ್ಬೇಕು, ಬೇರೆ ಕವರ್ ಹಾಕ್ತಾರೆ. ಬಾಯಲ್ಲಿ ಉಸಿರು ಬಿಡಿ, ಸೊಂಟ ಬಿಗಿ ಮಾಡ್ಬೇಡಿ ಅಂದ್ರು. ನಾನು ಮೊದಲು ಬಿಗಿ ಮಾಡ್ಕೊಂಡೆ, ಆವಾಗ ನೋವಾಯ್ತು, ಅವರು ಅಲ್ಲೇ ನಿಲ್ಸಿ ಕಾದ್ರು, ಅತ್ತಿಗೆ ಕೈ ಹಿಡ್ಕೊಂಡು ಉಸಿರು ಬಿಟ್ಟೆ, ಆಮೇಲೆ ಅಷ್ಟೇನೂ ಅನ್ನಿಸ್ಲಿಲ್ಲ. ಮುಜುಗರ ಅನ್ನಿಸಿದ್ದು ನಿಜ, ಎರಡು ಹೆರಿಗೆ ಆಗಿರೋಳು ನಾನು, ಆದ್ರೂ ಅನ್ನಿಸ್ತು. ಒಟ್ಟು ಎಂಟ್ಹತ್ತು ನಿಮಿಷ. ಎಡಕ್ಕೆ ತಿರುಗಿಸಿ ಒಂದು ಓವರಿ, ಬಲಕ್ಕೆ ತಿರುಗಿಸಿ ಇನ್ನೊಂದು, ಆಮೇಲೆ ಮಧ್ಯಕ್ಕೆ ಬಂದು ಒಂದು ಕಡೆ ತುಂಬ ಹೊತ್ತು ನಿಂತ್ರು. ಅಲ್ಲೊಂದು ಸಣ್ಣ ದುಂಡನೆ ನೆರಳು. ಮತ್ತೆ ಪ್ಲಸ್ಸು, ಪ್ಲಸ್ಸು, ಗೆರೆ.

ರಿಪೋರ್ಟ್ ಅರ್ಧ ಗಂಟೇಲಿ ಕೈಗೆ ಬಂತು. ನನಗೆ ಒಟ್ಟು 1,600 ರೂಪಾಯಿ ಆಯ್ತು. ವಾಪಸ್ ಬರುವಾಗ ಮಳೆ ನಿಂತಿತ್ತು, ಬಸ್ ಸ್ಟಾಪಲ್ಲಿ ಕೂತು ಇಬ್ರೂ ಅದನ್ನ ಅಕ್ಷರ ಅಕ್ಷರ ಓದಿದ್ವಿ, ಅರ್ಥ ಆಗಿದ್ದು ಬರೀ ನಂಬರು. ರಾತ್ರಿ ಮಗಳ ಜೊತೆ ಕೂತು, ಎರಡು ದಿನ ಬಿಟ್ಟು ಡಾಕ್ಟರ್ ಹತ್ರ ಒಂದೊಂದೇ ಪದ ಕೇಳಿ ಅರ್ಥ ಮಾಡ್ಕೊಂಡಿದ್ದನ್ನ ಹೇಳ್ತೀನಿ. ರೆಟ್ರೋವರ್ಟೆಡ್ ಅಂದ್ರೆ ಹಿಂದಕ್ಕೆ ಬಾಗಿದ ಗರ್ಭಕೋಶ, ಆಂಟಿವರ್ಟೆಡ್ ಅಂದ್ರೆ ಮುಂದಕ್ಕೆ ಬಾಗಿದ್ದು, ಎರಡೂ ಸಹಜಾನೇ. ಬಲ್ಕಿ ಅಂದ್ರೆ ಇರ್ಬೇಕಾದ್ದಕ್ಕಿಂತ ದಪ್ಪ, ಗರ್ಭಕೋಶ ಸಾಮಾನ್ಯವಾಗಿ ಏಳೆಂಟು ಸೆಂಟಿಮೀಟರ್ ಉದ್ದ, ನಂದು ಹತ್ತು ಇತ್ತು. ಎಂಡೋಮೆಟ್ರಿಯಮ್ ಅಂದ್ರೆ ಒಳಪದರ, ಅದು ತಿಂಗಳಲ್ಲಿ ದಿನದಿಂದ ದಿನಕ್ಕೆ ದಪ್ಪ ಆಗಿ ಮುಟ್ಟಲ್ಲಿ ಉದುರುತ್ತೆ, ಹಾಗಾಗಿ ಆ ನಂಬರನ್ನ ಮುಟ್ಟಿನ ತಾರೀಖಿನ ಜೊತೆ ಸೇರಿಸಿನೇ ಓದ್ಬೇಕು. ಓವರಿಲಿ ಫಾಲಿಕಲ್ ಅಂತ ಬರೆದಿದ್ರೆ ಹೆದರ್ಬೇಡಿ, ಅದು ಮೊಟ್ಟೆ ಬೆಳೆಯೋ ಸಣ್ಣ ನೀರಿನ ಗುಳ್ಳೆ, ಮುಟ್ಟಾಗೋ ವಯಸ್ಸಿನವರಿಗೆ ಇರ್ಲೇಬೇಕು. ನೆಬೋಥಿಯನ್ ಸಿಸ್ಟ್ ಅಂತ ನನಗೂ ಒಂದು ಬರೆದಿದ್ರು, ಗರ್ಭಕೋಶದ ಬಾಯಲ್ಲಿರೋ ಸಣ್ಣ ಗುಳ್ಳೆ, ಅದಕ್ಕೆ ಏನೂ ಮಾಡ್ಬೇಕಾಗಿಲ್ಲ ಅಂದ್ರು. ಪಿಒಡಿ ಅಂದ್ರೆ ಗರ್ಭಕೋಶದ ಹಿಂದಿನ ಜಾಗ, ಅಲ್ಲಿ ನೀರು ಸೇರಿದ್ಯಾ ಅಂತ ನೋಡ್ತಾರೆ. ಕೊನೇಲಿ ಇಂಪ್ರೆಷನ್ ಅಂತ ಎರಡು ಸಾಲು ಇರುತ್ತಲ್ಲ, ಒಟ್ಟು ಸಾರಾಂಶ ಅಲ್ಲಿರುತ್ತೆ.

ನನ್ನ ಇಂಪ್ರೆಷನಲ್ಲಿ ಎರಡು ಫೈಬ್ರಾಯ್ಡ್. ಒಂದು ಗರ್ಭಕೋಶದ ಗೋಡೆಯೊಳಗೆ, 4.2 ಸೆಂಟಿಮೀಟರ್. ಇನ್ನೊಂದು 1.4, ಒಳಪದರದ ಕೆಳಗೆ, ಒಳಗಡೆಗೆ ಚಾಚ್ಕೊಂಡಿರೋದು, ಸಬ್‌ಮ್ಯೂಕಸ್ ಅಂತಾರೆ.

ಗಡ್ಡೆ ಅನ್ನೋ ಮಾತು ಕೇಳಿದ ತಕ್ಷಣ ಅಮ್ಮ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ರು. ನಮ್ಮಲ್ಲಿ ಎಲ್ಲದಕ್ಕೂ ಇದೊಂದೇ ಪದ, ಮುಟ್ಟಲ್ಲಿ ಹೋಗೋ ಹೆಪ್ಪುಗಟ್ಟಿದ ರಕ್ತಾನೂ ಗಡ್ಡೆ, ಫೈಬ್ರಾಯ್ಡೂ ಗಡ್ಡೆ, ಕ್ಯಾನ್ಸರೂ ಗಡ್ಡೆ, ಹೀಗಾಗಿ ಎಷ್ಟು ಮನೇಲಿ ಎಷ್ಟು ಜನ ಸುಮ್ಮನೆ ಜೀವ ಹಿಡಿ ಮಾಡ್ಕೊಂಡು ಕೂತಿದಾರೋ. ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದ ಮಾಂಸವೇ ಒಂದು ಕಡೆ ಉಂಡೆ ಕಟ್ಟಿರೋದು. ಐವತ್ತು ವರ್ಷ ಆಗೋ ಹೊತ್ತಿಗೆ ಬಹಳಷ್ಟು ಹೆಂಗಸರಿಗೆ ಇರುತ್ತೆ, ಎಷ್ಟೋ ಜನಕ್ಕೆ ಇದೆ ಅಂತಾನೇ ಗೊತ್ತಾಗಲ್ಲ, ಕ್ಯಾನ್ಸರ್ ಆಗಿರೋದು ತೀರಾ ಅಪರೂಪ. ಅಮ್ಮನಿಗೆ ಇದನ್ನ ಹೇಳೋಕೆ ನಾನು ದಾರದ ಉಂಡೆ ತೋರ್ಸಿದೆ, ದಾರ ಅದೇ, ಒಂದು ಕಡೆ ಸುತ್ಕೊಂಡು ಗಂಟಾಗಿದೆ ಅಷ್ಟೇ ಅಮ್ಮ ಅಂತ.

ಡಾಕ್ಟರ್ ರಿಪೋರ್ಟ್ ನೋಡಿ ಬೆರಳಿಟ್ಟಿದ್ದು ದೊಡ್ಡದರ ಮೇಲಲ್ಲ, ಸಣ್ಣದರ ಮೇಲೆ. ಇಷ್ಟು ರಕ್ತ ಹೋಗೋಕೆ ಇದೇ ಮುಖ್ಯ ಕಾರಣ, ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ನೋಡ್ಬೇಕು ಅಂದ್ರು. ಈ ಸಣ್ಣದು ಹೊಟ್ಟೆ ಮೇಲಿನ ಸ್ಕ್ಯಾನಲ್ಲಿ ಕಂಡಿರ್ಲೇ ಇಲ್ಲ. ಅವತ್ತು ನಾನು ನಾಚ್ಕೊಂಡು ಒಳಗಿನ ಸ್ಕ್ಯಾನ್ ಬೇಡ ಅಂದಿದ್ರೆ ದೊಡ್ಡದೊಂದೇ ಕಂಡು ಲೆಕ್ಕಾಚಾರಾನೇ ಬೇರೆ ಆಗ್ತಿತ್ತು. ಗರ್ಭಕೋಶ ತೆಗೀಬೇಕಾ ಮೇಡಂ ಅಂತ ಕೇಳಿದೆ, ನಾಲಿಗೆ ಒಣಗಿತ್ತು. ಈಗ ಅದರ ಅವಶ್ಯಕತೆ ಇಲ್ಲ, ಈ ಒಳಗಿರೋದನ್ನ ಕೆಳಗಿಂದಾನೇ ಸಣ್ಣ ಕ್ಯಾಮೆರಾ ಹಾಕಿ ತೆಗೀಬಹುದು, ಹಿಸ್ಟರೋಸ್ಕೋಪಿ ಅಂತಾರೆ, ಹೊಟ್ಟೆ ಕೊಯ್ಯೋದಿಲ್ಲ. ದೊಡ್ಡದನ್ನ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡ್ತಾ ಇರೋಣ. ಮೊದ್ಲು ರಕ್ತ ಏರಿಸ್ಬೇಕು ಅಂತ ಐರನ್ ಮಾತ್ರೆ, ಮುಟ್ಟಿನ ದಿನಗಳಿಗೆ ರಕ್ತ ಕಮ್ಮಿ ಮಾಡೋ ಮಾತ್ರೆ ಬರ್ಕೊಟ್ರು. ಐರನ್ ತಗೊಂಡ ಆಚೆ ಈಚೆ ಒಂದೊಂದು ಗಂಟೆ ಕಾಫಿ ಬೇಡ, ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ ಅಂದ್ರು. ಆರು ವಾರಕ್ಕೆ 10.6ಕ್ಕೆ ಬಂದಿದೆ. ಮುಂದಿನ ತಿಂಗಳು ಹಿಸ್ಟರೋಸ್ಕೋಪಿ.

ನಮ್ಮ ಅತ್ತಿಗೆಯ ವಿಷಯ ಇನ್ನೂ ನಿಮಗೆ ಹೇಳಿಲ್ಲ. ಅವತ್ತು ಆ ಬಸ್ ಸ್ಟಾಪಲ್ಲಿ ನನ್ನ ರಿಪೋರ್ಟ್ ಮಡಚಿ ಕವರಿಗೆ ಹಾಕ್ತಾ, ನನ್ನ ಕಡೆ ನೋಡದೆ, ನಂಗೂ ಮೂರು ವರ್ಷದಿಂದ ಹಿಂಗೇ ಹೋಗ್ತಿದೆ ಕಣೆ, ನಿಮ್ಮಣ್ಣಂಗೂ ಹೇಳಿಲ್ಲ ಅಂದ್ರು. ಅವರಿಗೆ 48. ಮೂರು ವರ್ಷದಿಂದ ಹಬ್ಬಕ್ಕೆ ಹುಣ್ಣಿಮೆಗೆ ನಮ್ಮೆಲ್ಲರಿಗೂ ಅಡುಗೆ ಮಾಡಿ ಬಡಿಸಿದಾರೆ, ಮಧ್ಯ ಮಧ್ಯ ಒಳಗೆ ಹೋಗಿ ಮಲಗ್ತಿದ್ರು, ಸುಸ್ತು ಅಂತಿದ್ರು, ನಾನು ಒಂದು ದಿನ ಯಾಕೆ ಅಂತ ಕೇಳಿರ್ಲಿಲ್ಲ. ಹೋದ ವಾರ ಅದೇ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅವರಿಗೂ ಸ್ಕ್ಯಾನ್ ಬರೆದಿದಾರೆ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಬರೀ ಪೆಲ್ವಿಸ್, ಫೋನ್ ಮಾಡಿ ಕೇಳಿದೀನಿ, ತಿಂಡಿ ತಿನ್ಬಹುದು. ಒಂದು ಲೀಟರ್ ಬಾಟ್ಲಿ ತೊಳೆದು ಇಟ್ಟಿದೀನಿ, ಹತ್ತು ಗಂಟೆಗೆ ಕುಡಿಯೋಕೆ ಶುರು ಮಾಡಿಸ್ಬೇಕು, ಇಲಾಸ್ಟಿಕ್ ಹಾಕಿದ ಒಂದು ಪ್ಯಾಂಟೂ ಅವರ ಅಳತೆಗೆ ನಿನ್ನೆ ರಾತ್ರಿ ಹೊಲಿದಿಟ್ಟೆ.